ಪಳೆಯುಳಿಕೆ ಹುಡುಕಿದ ಮೇರಿ ಆ್ಯನಿಂಗ್

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಊರಿನಲ್ಲಿ 1799ರ ಮೇ 21ರಂದು ಮೇರಿ ಆ್ಯನಿಂಗ್ ಜನಿಸಿದರು. ತಂದೆ ರಿಚರ್ಡ್ ಮರಗೆಲಸದವರು. ಕಡಲಂಚಿನ ಗುಡ್ಡ ಕುಸಿದಾಗ ಸಿಗುತ್ತಿದ್ದ ಪಳೆಯುಳಿಕೆಗಳನ್ನು ಪ್ರವಾಸಿಗರಿಗೆ ಮಾರುತ್ತಿದ್ದರು. ಮಕ್ಕಳಿಗೂ ಅವುಗಳನ್ನು ಹುಡುಕಲು ಕಲಿಸಿದರು. 1810ರಲ್ಲಿ ಅವರು ಸಾಲ ಉಳಿಸಿ ತೀರಿಕೊಂಡರು. ಮೇರಿಗೆ ಆಗ 11 ವರ್ಷ. ಓದು-ಬರಹ ಕಲಿತದ್ದು ಚರ್ಚಿನ ಭಾನುವಾರದ ಶಾಲೆಯಲ್ಲಿ ಮಾತ್ರ.

1811ರಲ್ಲಿ ಅಣ್ಣ ಜೋಸೆಫ್‌ಗೆ ಮೊಸಳೆಯದರಂತಹ ತಲೆಬುರುಡೆ ಸಿಕ್ಕಿತು. ಅದರ ಉಳಿದ ದೇಹವನ್ನು ಮರುವರ್ಷ ಹುಡುಕಿದವರು ಮೇರಿ. ಸುಮಾರು 5 ಮೀಟರ್ ಉದ್ದದ ಆ ಅಸ್ಥಿಪಂಜರ 23 ಪೌಂಡಿಗೆ ಮಾರಾಟವಾಯಿತು. ಅದು ಸುಮಾರು 20 ಕೋಟಿ ವರ್ಷಗಳ ಹಿಂದೆ ಕಡಲಿನಲ್ಲಿ ಈಜುತ್ತಿದ್ದ ಸರೀಸೃಪ. 1817ರಲ್ಲಿ ಅದಕ್ಕೆ ಇಕ್ತಿಯೋಸಾರಸ್, ಅಂದರೆ ಮೀನುಹಲ್ಲಿ, ಎಂಬ ಹೆಸರು ಬಂತು.

1823ರಲ್ಲಿ ಮೇರಿಗೆ ಪ್ಲೀಸಿಯೋಸಾರಸ್‌ನ ಬಹುತೇಕ ಪೂರ್ಣ ಅಸ್ಥಿಪಂಜರ ದೊರೆಯಿತು. ಅದರ ಕುತ್ತಿಗೆ ತೀರಾ ಉದ್ದವಾಗಿದ್ದುದರಿಂದ, ಬೇರೆ ಬೇರೆ ಪ್ರಾಣಿಗಳ ಮೂಳೆ ಜೋಡಿಸಿರಬಹುದೆಂದು ಫ್ರಾನ್ಸಿನ ವಿಜ್ಞಾನಿ ಕುವಿಯೆ ಶಂಕಿಸಿದರು. ಶಂಕೆ ನಿಜವಾಗಿದ್ದರೆ ಮೇರಿಯ ಜೀವನೋಪಾಯವೇ ಮುಳುಗುತ್ತಿತ್ತು. 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಚರ್ಚೆ ನಡೆದು, ಮೂಳೆಗಳು ಒಂದೇ ಪ್ರಾಣಿಯವು ಎಂದು ಖಚಿತವಾಯಿತು; ಕುವಿಯೆಯವರೂ ಒಪ್ಪಿಕೊಂಡರು. ಆದರೆ ಆ ಸಂಘಕ್ಕೆ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಅಲ್ಲಿ ಮಂಡಿಸಿದ ಪ್ರಬಂಧದಲ್ಲಿ ಮೇರಿಯ ಹೆಸರೂ ಇರಲಿಲ್ಲ.

ಕೆಲಸವೂ ಅಪಾಯದ್ದೇ. 1833ರಲ್ಲಿ ಗುಡ್ಡ ಕುಸಿದು ಜೊತೆಗಿದ್ದ ನಾಯಿ ಸತ್ತಿತು. ಮೇರಿ ಕೂದಲೆಳೆಯಲ್ಲಿ ಪಾರಾದರು. 1847ರ ಮಾರ್ಚ್ 9ರಂದು, 47ನೇ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್‌ನಿಂದ ನಿಧನರಾದರು.

ಉತ್ತರ ಪಿನಾಕಿನಿ ದಂಡೆಯ ನಾಗಲಮಡಿಕೆಯಲ್ಲಿ ಪಳೆಯುಳಿಕೆಯ ಪಾಠ ಮಾಡುವ ಪ್ರಶಿಕ್ಷಣಾರ್ಥಿ ಈ ಜೀವನವನ್ನು ಹೇಗೆ ಬಳಸಬಹುದು? ಪಾವಗಡ, ಮಧುಗಿರಿಯ ಬೆಟ್ಟಗಳಲ್ಲಿ ಇಂಥ ಮೂಳೆ ಏಕೆ ಸಿಗುವುದಿಲ್ಲ ಎಂಬ ಪ್ರಶ್ನೆಯಿಂದ ಆರಂಭಿಸಬಹುದು. ಕರಗಿದ ಶಿಲಾರಸ ತಣ್ಣಗಾಗಿ ಉಂಟಾದ ನಮ್ಮ ಗ್ರಾನೈಟ್ ಸುಮಾರು 250 ಕೋಟಿ ವರ್ಷ ಹಳೆಯದು. ಮೇರಿಯ ಊರಿನದು ಕಡಲ ತಳದ ಕೆಸರು ಪದರ ಪದರವಾಗಿ ಗಟ್ಟಿಯಾದ ಜಲಜ ಶಿಲೆ. ಅಂತಹ ಶಿಲೆಯಿರುವ ಗುಜರಾತಿನ ಕಛ್‌ನಲ್ಲಿ ಸುಮಾರು 5.5 ಮೀಟರ್ ಉದ್ದದ ಮೀನುಹಲ್ಲಿ ಸಿಕ್ಕಿದ್ದು 2017ರಲ್ಲಿ ಪ್ರಕಟವಾಯಿತು.

ಮಕ್ಕಳು ತಮ್ಮೂರಿನ ಕಲ್ಲುಗಳನ್ನು ತಂದು, ಪದರವಿದೆಯೇ, ಹರಳಿದೆಯೇ ಎಂದು ನೋಡಲಿ. ಅವರು ಗಮನಿಸಿದ್ದನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ, ಗಮನಿಸಿದ ಮಗುವಿನ ಹೆಸರನ್ನೂ ಪಕ್ಕದಲ್ಲಿ ಬರೆಯೋಣ.