ಕಾಸಾಬ್ಲಾಂಕಾದ ಕಪ್ಪು ಮುತ್ತು

ಆಫ್ರಿಕಾ ಖಂಡದ ವಾಯವ್ಯ ಅಂಚಿನಲ್ಲಿರುವ ಮೊರಾಕೊ ದೇಶವು 1912ರಿಂದ 1956ರವರೆಗೆ ಫ್ರಾನ್ಸಿನ ರಕ್ಷಣೆಗೆ ಒಳಪಟ್ಟಿದ್ದಿತು. ರಕ್ಷಣೆ ಎಂಬುದು ಆಳ್ವಿಕೆಗೆ ಇಟ್ಟ ಸೌಮ್ಯವಾದ ಹೆಸರು, ಅಷ್ಟೆ. ಆ ನಾಡಿನ ರೇವುಪಟ್ಟಣವಾದ ಕಾಸಾಬ್ಲಾಂಕಾದಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಲಾರ್ಬಿ ಬೆನ್ ಬಾರೆಕ್ ಜನಿಸಿದನು. ಎಳವೆಯಲ್ಲಿಯೇ ಅನಾಥನಾದ ಈ ಬಾಲಕನಿಗೆ ಕಾಲ್ಚೆಂಡೇ ಬಂಧುವಾಯಿತು.

1938ರಲ್ಲಿ ಫ್ರಾನ್ಸಿನ ಮಾರ್ಸೇಯ್ ನಗರದ ತಂಡವು ಅವನನ್ನು ಕರೆಸಿಕೊಂಡಿತು. ಅದೇ ವರ್ಷದ ಡಿಸೆಂಬರ್ 4ರಂದು ಅವನು ಫ್ರಾನ್ಸಿನ ರಾಷ್ಟ್ರೀಯ ತಂಡದ ಪರವಾಗಿ ಮೊದಲ ಬಾರಿಗೆ ಆಡಿದನು. ಪಂದ್ಯ ನಡೆದುದು ಇಟಲಿಯ ನೇಪಲ್ಸಿನಲ್ಲಿ. ಎದುರಾಳಿ, ಆ ವರ್ಷದ ವಿಶ್ವವಿಜೇತ ಇಟಲಿ. ಪ್ರೇಕ್ಷಕರು ಅವನ ಮೈಬಣ್ಣವನ್ನು ಹಳಿದು ಕೂಗಿದರು. ಫ್ರಾನ್ಸ್ ಒಂದು ಗೋಲಿನಿಂದ ಸೋತಿತು. ಆದರೆ ತನ್ನ ದೇಶವನ್ನು ಆಳುತ್ತಿದ್ದವರ ಅಂಗಿಯನ್ನು ತೊಟ್ಟು, ಮೂರನೆಯ ದೇಶದವರ ನಿಂದೆಯನ್ನು ಸಹಿಸಿ ನಿಂತ ಆ ಯುವಕನ ಸ್ಥಿತಿ ಎಂತಹುದೆಂಬುದನ್ನು ಊಹಿಸಬಹುದು.

ಎರಡನೆಯ ಮಹಾಯುದ್ಧವು ಅವನ ತಾರುಣ್ಯದ ಉತ್ತಮ ವರ್ಷಗಳನ್ನು ನುಂಗಿತು. ಆ ಅವಧಿಯನ್ನು ತಾಯ್ನಾಡಿನಲ್ಲಿ ಕಳೆದು, 1945ರಲ್ಲಿ ಪ್ಯಾರಿಸ್ಸಿನ ಸ್ತಾದ್ ಫ್ರಾನ್ಸೆ ತಂಡವನ್ನು ಸೇರಿದನು. 1948ರಲ್ಲಿ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವು ಭಾರಿ ಬೆಲೆ ತೆತ್ತು ಅವನನ್ನು ಪಡೆಯಿತು; 1950 ಮತ್ತು 1951ರಲ್ಲಿ ಆ ದೇಶದ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಜನರು ಅವನನ್ನು ಕಪ್ಪು ಮುತ್ತು ಎಂದು ಕರೆದರು. ಮೆಚ್ಚುಗೆಯಲ್ಲಿಯೂ ಬಣ್ಣವನ್ನು ಮರೆಯಲಿಲ್ಲ!

1953ರಲ್ಲಿ ಅವನು ಮಾರ್ಸೇಯ್‌ಗೆ ಮರಳಿದಾಗ ಅವನ ಕಾಲ ಮುಗಿಯಿತೆಂದೇ ಹಲವರು ಬಗೆದಿದ್ದರು. 1954ರ ಸೆಪ್ಟೆಂಬರಿನಲ್ಲಿ ಆಲ್ಜೀರಿಯದ ಓರ್ಲಿಯಾನ್‌ವಿಲ್ ಪಟ್ಟಣವನ್ನು ಭೂಕಂಪವು ನೆಲಸಮಗೊಳಿಸಿತು. ಸಂತ್ರಸ್ತರ ನೆರವಿಗಾಗಿ ಮರುತಿಂಗಳು ಪ್ಯಾರಿಸ್ಸಿನಲ್ಲಿ ಪಂದ್ಯವೊಂದು ಏರ್ಪಟ್ಟಿತು: ಒಂದು ಕಡೆ ಫ್ರಾನ್ಸ್, ಇನ್ನೊಂದು ಕಡೆ ಉತ್ತರ ಆಫ್ರಿಕಾದ ಆಟಗಾರರು. ಬೆನ್ ಬಾರೆಕ್ ತನ್ನವರ ಪಕ್ಷದಲ್ಲಿ ಆಡಿದನು. ಆಳುವವರ ತಂಡವು 3-2ರಿಂದ ಸೋತಿತು. ಅವನ ಆಟವನ್ನು ಕಂಡ ಆಯ್ಕೆಗಾರರು ಕೆಲವೇ ದಿನಗಳಲ್ಲಿ ಅವನನ್ನು ಮತ್ತೆ ಫ್ರಾನ್ಸ್ ತಂಡಕ್ಕೆ ಕರೆದರು. ಅಕ್ಟೋಬರ್ 16ರಂದು ಹ್ಯಾನೋವರಿನಲ್ಲಿ ವಿಶ್ವವಿಜೇತ ಪಶ್ಚಿಮ ಜರ್ಮನಿಯನ್ನು ಫ್ರಾನ್ಸ್ 3-1ರಿಂದ ಮಣಿಸಿತು. ಗಾಯಗೊಂಡ ಬೆನ್ ಬಾರೆಕ್ ಮಾತ್ರ ಮೊದಲರ್ಧದಲ್ಲಿಯೇ ಕಣದಿಂದ ಹೊರನಡೆಯಬೇಕಾಯಿತು. ಅದು ಅವನ ಹದಿನೇಳನೆಯ ಹಾಗೂ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಮೊದಲ ಪಂದ್ಯಕ್ಕೂ ಇದಕ್ಕೂ ನಡುವೆ ಹದಿನಾರು ವರ್ಷಗಳು ತುಂಬುತ್ತ ಬಂದಿದ್ದವು.

ಮೊರಾಕೊ ಸ್ವತಂತ್ರವಾದ ಬಳಿಕ ಅವನು ಅಲ್ಲಿಯ ರಾಷ್ಟ್ರೀಯ ತಂಡಕ್ಕೆ ತರಬೇತಿ ನೀಡಿದನು. ಮುಂದೆ ಎರಡು ದೇಶಗಳೂ ಅವನನ್ನು ಮರೆತವು. 1992ರ ಸೆಪ್ಟೆಂಬರಿನಲ್ಲಿ ಕಾಸಾಬ್ಲಾಂಕಾದ ಮನೆಯಲ್ಲಿ ಅವನು ಒಂಟಿಯಾಗಿ ಮೃತನಾದನು. ಸುದ್ದಿ ಹೊರಜಗತ್ತಿಗೆ ತಿಳಿದುದು ಕೆಲವು ದಿನಗಳ ನಂತರ. ಅಂತರರಾಷ್ಟ್ರೀಯ ಕಾಲ್ಚೆಂಡು ಸಂಸ್ಥೆಯ ಗೌರವ ಪದಕವು 1998ರಲ್ಲಿ ಅವನ ಹೆಸರಿಗೆ ಬಂದಿತು.