ಎಲಿಯಟ್ ಪಿ. ಜೋಸ್ಲಿನ್

ಎಲಿಯಟ್ ಪ್ರಾಕ್ಟರ್ ಜೋಸ್ಲಿನ್ (ಜೂನ್ 6, 1869 – ಜನವರಿ 28, 1962) ಅಮೆರಿಕದ ಪ್ರಸಿದ್ಧ ವೈದ್ಯರು. ಮಧುಮೇಹದ ಚಿಕಿತ್ಸೆಗೆ ತಮ್ಮ ವೃತ್ತಿಜೀವನವನ್ನೇ ಮೀಸಲಿಟ್ಟ ಮೊದಲಿಗರಲ್ಲಿ ಒಬ್ಬರು. ರೋಗಿಗೆ ತನ್ನ ರೋಗದ ಕುರಿತು ಶಿಕ್ಷಣ ನೀಡುವುದೂ ಚಿಕಿತ್ಸೆಯ ಅಂಗವೆಂಬ ತತ್ತ್ವವನ್ನು ಆಚರಣೆಗೆ ತಂದವರು.

ಜನನ ಮತ್ತು ವಿದ್ಯಾಭ್ಯಾಸ

ಜೋಸ್ಲಿನ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಪಟ್ಟಣದಲ್ಲಿ ಜನಿಸಿದರು. 1890ರಲ್ಲಿ ಯೇಲ್‌ನಿಂದ ಪದವಿಯನ್ನೂ 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ವೈದ್ಯ ಪದವಿಯನ್ನೂ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1893ರಲ್ಲಿ, ಮಧುಮೇಹ ರೋಗಿಗಳ ವಿವರಗಳನ್ನು ಪುಸ್ತಕವೊಂದರಲ್ಲಿ ದಾಖಲಿಸಲು ಆರಂಭಿಸಿ, ಆ ಪರಿಪಾಠವನ್ನು ಜೀವನದುದ್ದಕ್ಕೂ ಮುಂದುವರಿಸಿದರು. 1898ರಲ್ಲಿ ಬಾಸ್ಟನ್ ನಗರದಲ್ಲಿ ವೈದ್ಯವೃತ್ತಿಯನ್ನು ಕೈಗೊಂಡರು. ಅವರ ತಾಯಿಯೂ ಮಧುಮೇಹಕ್ಕೆ ತುತ್ತಾದರು; ಕಟ್ಟುನಿಟ್ಟಾದ ಪಥ್ಯದಿಂದ ಹತ್ತು ವರ್ಷಗಳಿಗೂ ಮಿಗಿಲಾಗಿ ಬಾಳಿದರು.

ಇನ್ಸುಲಿನ್ ಪೂರ್ವದ ಕಾಲ

ಆಗ ಈ ರೋಗಕ್ಕೆ ಔಷಧವಿರಲಿಲ್ಲ. ಫ್ರೆಡರಿಕ್ ಅಲೆನ್ ಅವರ ಉಪವಾಸ ಮತ್ತು ಮಿತಾಹಾರ ಪದ್ಧತಿಯಿಂದ ರೋಗಿಗಳ ಆಯುಷ್ಯ ಕೊಂಚ ವೃದ್ಧಿಸುತ್ತಿತ್ತಾದರೂ ಅವರು ಎಲುಬುಗೂಡಾಗುತ್ತಿದ್ದರು. ಈ ಪದ್ಧತಿಯನ್ನು ಅನುಸರಿಸಿದ ಜೋಸ್ಲಿನ್, ತಮ್ಮ ಒಂದು ಸಾವಿರ ರೋಗಿಗಳ ದಾಖಲೆಗಳನ್ನು ಆಧರಿಸಿ 1916ರಲ್ಲಿ ಮಧುಮೇಹ ಚಿಕಿತ್ಸೆಯ ಗ್ರಂಥವನ್ನು ಪ್ರಕಟಿಸಿದರು. 1918ರಲ್ಲಿ ವೈದ್ಯರಿಗೂ ರೋಗಿಗಳಿಗೂ ಉಪಯುಕ್ತವಾದ ಕೈಪಿಡಿಯನ್ನು ಹೊರತಂದರು.

1921ರ ಲೇಖನವೊಂದರಲ್ಲಿ ಅವರು ಒಂದೇ ಬೀದಿಯ ಮೂರು ಮನೆಗಳ ವೃತ್ತಾಂತವನ್ನು ನಿರೂಪಿಸಿದರು. ಅಲ್ಲಿ ಒಬ್ಬರ ನಂತರ ಒಬ್ಬರಂತೆ ನೆಲೆಸಿದ ಏಳು ಮಂದಿ ಕುಟುಂಬದ ಯಜಮಾನ ಯಜಮಾನಿಯರಲ್ಲಿ ಆರು ಮಂದಿ ಮಧುಮೇಹದಿಂದ ಮೃತಪಟ್ಟಿದ್ದರು. ಇದೇ ಸಾವುಗಳು ಸಾಂಕ್ರಾಮಿಕ ರೋಗದಿಂದ ಸಂಭವಿಸಿದ್ದರೆ ಆರೋಗ್ಯ ಇಲಾಖೆ ತಕ್ಷಣವೇ ಎಚ್ಚೆತ್ತುಕೊಳ್ಳುತ್ತಿತ್ತೆಂಬುದು ಅವರ ವಾದ. ಬೊಜ್ಜಿಗೂ ಮಧುಮೇಹಕ್ಕೂ ಇರುವ ನಂಟನ್ನು ಎತ್ತಿ ತೋರಿಸಿ, ರೋಗ ಬಾರದಂತೆ ತಡೆಯುವುದೂ ವೈದ್ಯರ ಕರ್ತವ್ಯವೆಂದು ಪ್ರತಿಪಾದಿಸಿದರು.

ಇನ್ಸುಲಿನ್ ಮತ್ತು ರೋಗಿಗಳ ಶಿಕ್ಷಣ

ಟೊರಾಂಟೊದಲ್ಲಿ ಆವಿಷ್ಕೃತವಾದ ಇನ್ಸುಲಿನ್ ಅನ್ನು ಜೋಸ್ಲಿನ್ 1922ರ ಆಗಸ್ಟ್‌ನಲ್ಲಿ ತಮ್ಮ ರೋಗಿಗಳಿಗೆ ನೀಡಲಾರಂಭಿಸಿದರು. ಆದರೆ ಚುಚ್ಚುಮದ್ದೊಂದೇ ಸಾಲದೆಂದು ಅವರು ಅರಿತಿದ್ದರು. ಪಥ್ಯ, ವ್ಯಾಯಾಮ, ಇನ್ಸುಲಿನ್ ಈ ಮೂರನ್ನೂ ಒಂದೇ ರಥಕ್ಕೆ ಹೂಡಿದ ಮೂರು ಕುದುರೆಗಳಿಗೆ ಹೋಲಿಸಿದರು. ಆಹಾರವನ್ನು ತೂಗುವುದು, ಮೂತ್ರದಲ್ಲಿನ ಸಕ್ಕರೆಯನ್ನು ಪರೀಕ್ಷಿಸುವುದು, ಪಾದಗಳನ್ನು ಶುಚಿಯಾಗಿಟ್ಟುಕೊಳ್ಳುವುದು ಮುಂತಾದವನ್ನು ರೋಗಿಗಳಿಗೆ ಕಲಿಸಲಾಯಿತು. ಇದಕ್ಕಾಗಿ ದಾದಿಯರಿಗೆ ವಿಶೇಷ ತರಬೇತಿ ನೀಡಿ, ಅವರನ್ನು ರೋಗಿಗಳ ಮನೆಗಳಿಗೂ ಕಳುಹಿಸಿದರು.

ಆಕ್ಸ್‌ಫರ್ಡ್ ಸಮೀಕ್ಷೆ

1946-47ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಜೋಸ್ಲಿನ್ ಅವರ ಹುಟ್ಟೂರಿನ ನಿವಾಸಿಗಳನ್ನು ಪರೀಕ್ಷಿಸಿತು. ರೋಗವಿದೆಯೆಂದು ತಿಳಿದಿದ್ದವರಷ್ಟೇ ಸಂಖ್ಯೆಯ ಜನರು ತಮಗೆ ಅರಿವಿಲ್ಲದೆಯೇ ಮಧುಮೇಹಿಗಳಾಗಿದ್ದರೆಂಬುದು ಈ ಸಮೀಕ್ಷೆಯಿಂದ ಬೆಳಕಿಗೆ ಬಂದಿತು.

ವಿವಾದ ಮತ್ತು ಸಮರ್ಥನೆ

ರಕ್ತದ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳಿಗೆ ಒದಗುವ ಹಾನಿಯನ್ನು ತಡೆಯಬಹುದೆಂದು ಜೋಸ್ಲಿನ್ ನಂಬಿದ್ದರು. ಇಂತಹ ಶಿಸ್ತು ಅನಗತ್ಯವೆಂದೂ ರೋಗಿಗಳಿಗೆ ಹೊರೆಯೆಂದೂ ಹಲವು ವೈದ್ಯರು ಆಕ್ಷೇಪಿಸಿದರು. ಜೋಸ್ಲಿನ್ ತಮ್ಮ ನಿಲುವನ್ನು ಬದಲಿಸಲಿಲ್ಲ. ಅವರು ತಮ್ಮ 92ನೆಯ ವಯಸ್ಸಿನಲ್ಲಿ ನಿಧನರಾದಾಗಲೂ ಈ ವಿವಾದ ಬಗೆಹರಿದಿರಲಿಲ್ಲ. 1993ರಲ್ಲಿ ಪ್ರಕಟವಾದ ಅಮೆರಿಕದ ಬೃಹತ್ ಅಧ್ಯಯನವು ಬಿಗಿಯಾದ ನಿಯಂತ್ರಣದಿಂದ ಮೊದಲನೆಯ ಬಗೆಯ ಮಧುಮೇಹಿಗಳಲ್ಲಿ ಇಂತಹ ಹಾನಿ ಗಣನೀಯವಾಗಿ ತಗ್ಗುವುದೆಂದು ದೃಢಪಡಿಸಿತು. ಬಾಸ್ಟನ್ನಿನ ಜೋಸ್ಲಿನ್ ಮಧುಮೇಹ ಕೇಂದ್ರವು ಅವರ ಹೆಸರನ್ನು ಹೊತ್ತಿದೆ.