ದಾಳವನ್ನು ಎಣಿಸಿದ ವೈದ್ಯ

ಕನ್ನಡ ಎಂ.ಎ. ಮುಗಿಸಿ ಇಪ್ಪತ್ತು ವರ್ಷಗಳಿಂದ ಹಳಗನ್ನಡ ಪಾಠ ಹೇಳುತ್ತ ಬಂದಿರುವ ನಾನು ಗಣಿತಜ್ಞನೊಬ್ಬನ ಚರಿತ್ರೆಯನ್ನು ಬರೆಯಹೊರಟರೆ ವಾಚಕರಿಗೆ ಆಶ್ಚರ್ಯವಾದೀತು. ಅದಕ್ಕೆ ಕಾರಣವಾದುದು ಒಂದು ಊಟದ ಲೆಕ್ಕ. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಸಾಹಿತ್ಯ ಸಂಘ ಮತ್ತು ನಾಟಕ ಸಂಘಗಳ ಸದಸ್ಯರಿಗೆಲ್ಲ ಊಟ ಹಾಕಿಸುವ ಹೊಣೆ ನನ್ನ ಪಾಲಿಗೆ ಬಂತು. ಮೊದಲನೆಯದರಲ್ಲಿ 60 ಮಂದಿ, ಎರಡನೆಯದರಲ್ಲಿ 40 ಮಂದಿ. ನೂರು ಎಲೆಗೆ ಅಡಿಗೆಯಾಗಲೆಂದು ಹೇಳಿಬಿಟ್ಟೆ. ಪಂಕ್ತಿಯಲ್ಲಿ ಕುಳಿತವರು 75. ಮಿಕ್ಕ 25 ಮಂದಿ ಎಲ್ಲಿಯೂ ಹೋಗಿರಲಿಲ್ಲ. 25 ಮಂದಿ ಎರಡು ಸಂಘಗಳಲ್ಲಿಯೂ ಇದ್ದವರು. ಅವರನ್ನು ನಾನು ಎರಡು ಸಲ ಎಣಿಸಿದ್ದೆ. ಉಳಿದ ಅನ್ನವನ್ನು ನೋಡುತ್ತ ಪೆಚ್ಚಾಗಿ ನಿಂತಿದ್ದ ನನ್ನನ್ನು ಸಂತೈಸುವುದಕ್ಕಾಗಿ ಗಣಿತದ ಸಹೋದ್ಯೋಗಿಯೊಬ್ಬರು, ಇಂಥದೇ ಎಡವಟ್ಟನ್ನು ಹದಿನಾರನೆಯ ಶತಮಾನದ ಮಹಾಪಂಡಿತನೊಬ್ಬ ಮಾಡಿದ್ದನೆಂದು ತಿಳಿಸಿದರು. ಆ ಪಂಡಿತನೇ ಇಟಲಿಯ ಗೆರೋಲಾಮೊ ಕಾರ್ಡಾನೊ. ಅಂದು ಮೊದಲಾಗಿ ಆತನ ಬಾಳು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ.

ಕಾರ್ಡಾನೊ 1501ರ ಸೆಪ್ಟೆಂಬರ್ ತಿಂಗಳಲ್ಲಿ ಪಾವಿಯಾ ನಗರದಲ್ಲಿ ಹುಟ್ಟಿದ. ತಂದೆ ಫಾಜಿಯೊ ಮಿಲಾನಿನ ನ್ಯಾಯವಾದಿ, ರೇಖಾಗಣಿತದಲ್ಲಿಯೂ ಪರಿಣತ, ಲಿಯೊನಾರ್ಡೊ ಡ ವಿಂಚಿಯ ಪರಿಚಿತ. ಮಗ ಹುಟ್ಟಿದಾಗ ತಂದೆತಾಯಿಗಳಿಗೆ ಮದುವೆಯಾಗಿರಲಿಲ್ಲ. ಈ ಒಂದು ಸಂಗತಿ ಹುಡುಗನನ್ನು ಬಹುಕಾಲ ಬೆನ್ನಟ್ಟಿತು. ಪಾದುವಾದಲ್ಲಿ ವೈದ್ಯಪದವಿ ಪಡೆದು ಬಂದರೂ, ಜನ್ಮದ ಕಳಂಕವನ್ನು ಮುಂದೊಡ್ಡಿ ಮಿಲಾನಿನ ವೈದ್ಯಮಂಡಲಿ ಅವನನ್ನು 1539ರ ವರೆಗೆ ಒಳಗೆ ಬಿಟ್ಟುಕೊಳ್ಳಲಿಲ್ಲ. ಆ ನಡುವೆ ಅವನು ಕಂಡ ಬಡತನ ಸಾಮಾನ್ಯವಾದುದಲ್ಲ. ಹೆಂಡತಿಯ ಒಡವೆಗಳು ಕೈಬಿಟ್ಟವು. ಸಂಸಾರ ಅನಾಥಾಲಯದ ಬಾಗಿಲನ್ನೂ ಕಂಡಿತು.

ಬಡತನಕ್ಕೆ ಅವನ ವ್ಯಸನವೂ ಕಾರಣವಾಗಿತ್ತು. ಚದುರಂಗವನ್ನು ನಲವತ್ತು ವರ್ಷ, ದಾಳವನ್ನು ಸುಮಾರು ಇಪ್ಪತ್ತೈದು ವರ್ಷ ಆಡಿದೆನೆಂದು ಆತ್ಮಚರಿತ್ರೆಯಲ್ಲಿ ನಾಚಿಕೆಯಿಂದಲೇ ಒಪ್ಪಿಕೊಂಡಿದ್ದಾನೆ. ಒಮ್ಮೆ ವೆನಿಸ್ಸಿನಲ್ಲಿ ಎದುರಾಳಿಯ ಎಲೆಗಳಿಗೆ ಗುರುತು ಮಾಡಿರುವುದನ್ನು ಕಂಡು, ಕಠಾರಿಯಿಂದ ಅವನ ಮುಖಕ್ಕೆ ಗಾಯಮಾಡಿ ಓಡಿದ. ದ್ಯೂತದಿಂದ ರಾಜ್ಯವನ್ನೂ ರಾಣಿಯನ್ನೂ ಕಳೆದುಕೊಂಡ ಧರ್ಮರಾಯನ ಕಥೆಯನ್ನು ವರ್ಷ ವರ್ಷವೂ ಪಾಠ ಹೇಳುವ ನನಗೆ ಜೂಜುಗಾರನ ಪಾಡು ಹೊಸದಲ್ಲ. ಆದರೆ ಸೋತವರೆಲ್ಲ ವಿಧಿಯನ್ನು ಹಳಿದರೆ, ಈತ ದಾಳವನ್ನೇ ಎದುರಿಗಿಟ್ಟುಕೊಂಡು ಅದು ಬೀಳಬಹುದಾದ ಬಗೆಗಳನ್ನು ಎಣಿಸತೊಡಗಿದ. ಹೀಗೆ ಹುಟ್ಟಿದ್ದು ಜೂಜಾಟವನ್ನು ಕುರಿತ ಅವನ ಲ್ಯಾಟಿನ್ ಗ್ರಂಥ, ಲಿಬರ್ ಡಿ ಲೂಡೊ ಅಲೆಯೆ.

ಒಂದು ದಾಳಕ್ಕೆ ಆರು ಮುಖ. ಒಂದೇ ಎಸೆತದಲ್ಲಿ ಒಂದೂ ಆರೂ ಕೂಡಿ ಬೀಳಲಾರವು. ಆದುದರಿಂದ ಒಂದಾಗಲಿ ಆರಾಗಲಿ ಬೀಳುವ ಸಂಭವವನ್ನು ಅರಿಯಲು ಎರಡು ಆರನೆಯ ಒಂದಂಶಗಳನ್ನು ಕೂಡಿಸಿದರೆ ಸಾಕು. ಈ ಸರಾಗವಾದ ಕೂಡಿಕೆಯೇ ಬಲೆ. ಮೂರು ಎಸೆತಗಳಲ್ಲಿ ಒಮ್ಮೆಯಾದರೂ ಆರು ಬೀಳುವ ಸಂಭವವೆಷ್ಟು? ಆರು ಮುಖಗಳಲ್ಲಿ ಅರ್ಧ ಮೂರು. ಆದುದರಿಂದ ಮೂರು ಎಸೆತಗಳಿಗೆ ಗೆಲವು ಸೋಲು ಸಮಸಮವೆಂದು ಕಾರ್ಡಾನೊ ಮೊದಲು ಬರೆದ. ಎಂದರೆ, ಮೂರು ಆರನೆಯ ಒಂದಂಶಗಳನ್ನು ಕೂಡಿಸಿದಂತಾಯಿತು. ನನ್ನ ನೂರು ಎಲೆಗಳ ಲೆಕ್ಕವೂ ಇದೇ.

ಮುಂದಿನ ಅಧ್ಯಾಯಗಳಲ್ಲಿ ಆತ ಬಗೆಗಳನ್ನು ಒಂದೊಂದಾಗಿ ಎಣಿಸಿ ನೋಡಿದ. ಎರಡು ದಾಳಗಳು ಬೀಳುವ ಬಗೆ 36. ಮೊದಲನೆಯದರಲ್ಲಿ ಆರು ಬೀಳುವ ಬಗೆ 6, ಎರಡನೆಯದರಲ್ಲಿ 6, ಕೂಡಿಸಿದರೆ 12. ಆದರೆ ಎರಡರಲ್ಲಿಯೂ ಆರು ಬಿದ್ದ ಒಂದು ಬಗೆ ಎರಡು ಕಡೆಯೂ ಲೆಕ್ಕಕ್ಕೆ ಬಂದಿದೆ. ಅದನ್ನು ಒಮ್ಮೆ ಕಳೆದರೆ 11. ಮೂರು ದಾಳಗಳಿಗೆ ಬಗೆ 216. ಬರಿಯ ಕೂಡಿಕೆಯಿಂದ ದೊರೆಯುವುದು 108, ಸರಿಯಾಗಿ ಅರ್ಧ. ಎರಡೆರಡು ದಾಳಗಳಲ್ಲಿ ಕೂಡಿ ಬಿದ್ದ 18ನ್ನು ಕಳೆಯಬೇಕು. ಹಾಗೆ ಕಳೆಯುವಾಗ ಮೂರರಲ್ಲಿಯೂ ಆರು ಬಿದ್ದ ಒಂದು ಬಗೆ ಪೂರ್ತಿಯಾಗಿ ಅಳಿಸಿಹೋಗುವುದರಿಂದ ಅದನ್ನು ಮತ್ತೆ ಸೇರಿಸಬೇಕು. ಉಳಿಯುವುದು 91. ಅರ್ಧಕ್ಕೆ 17 ಕಡಮೆ! ಸಮವೆಂದು ನಂಬಿ ಹಣ ಒಡ್ಡಿದವನು ದಿನವೂ ಆಡಿದರೆ ಕೊನೆಗೆ ಮನೆ ಮಾರಬೇಕಾಗುತ್ತದೆ.

ಇಂದಿನ ಪಠ್ಯಗಳು ಇದಾಗಲಿ ಅದಾಗಲಿ ಘಟಿಸುವುದನ್ನು ಘಟನೆಗಳ ಸಂಯೋಗವೆಂದೂ, ಎರಡೂ ಕೂಡಿ ಘಟಿಸುವುದನ್ನು ಛೇದನವೆಂದೂ ಕರೆಯುತ್ತವೆ. ಸಂಯೋಗವನ್ನು ಅರಿಯಲು ಎರಡನ್ನು ಕೂಡಿಸಿ ಛೇದನವನ್ನು ಕಳೆಯಬೇಕೆಂಬ ಸೂತ್ರ ಮುಂದಿನವರದು. 11 ಮತ್ತು 91ನ್ನು ಎಣಿಸಿ ತೋರಿಸಿದ ಕೀರ್ತಿ ಕಾರ್ಡಾನೊನದು. ಛೇದನದ ವಿಷಯದಲ್ಲಿಯೂ ಆತ ಎಡವಿ ಎದ್ದವನೇ. ಗೆಲವಿಗೂ ಸೋಲಿಗೂ ಇರುವ ಪ್ರಮಾಣವನ್ನೇ ವರ್ಗ ಮಾಡಿದರೆ ಸಾಕೆಂದು ಮೊದಲು ಬಗೆದ. ಹಾಗಾದರೆ ಸಮಸಂಖ್ಯೆ ಒಮ್ಮೆ ಬೀಳುವುದೂ ಎಡೆಬಿಡದೆ ಹಲವು ಸಲ ಬೀಳುವುದೂ ಒಂದೇ ಆಗಬೇಕಾಯಿತು. ಇದು ಅಸಂಗತವೆಂದು ತಾನೇ ಕಂಡುಕೊಂಡು, ಭಿನ್ನಾಂಶಗಳನ್ನು ಗುಣಿಸಬೇಕೆಂಬ ನಿಯಮಕ್ಕೆ ಬಂದ. ಅದರಂತೆ ಮೂರು ಸಲವೂ ಸಮಸಂಖ್ಯೆ ಬೀಳುವ ಸಂಭವ ಎಂಟರಲ್ಲಿ ಒಂದು. ವಿಶೇಷವೆಂದರೆ, ಸರಿಯಾದುದನ್ನು ಕಂಡ ಮೇಲೆಯೂ ತಪ್ಪಾದುದನ್ನು ಆತ ಹೊಡೆದುಹಾಕಲಿಲ್ಲ. ಎರಡೂ ಒಂದೇ ಗ್ರಂಥದಲ್ಲಿ ಉಳಿದಿವೆ. ನೂರಾರು ಉತ್ತರಪತ್ರಿಕೆಗಳಲ್ಲಿ ಹೊಡೆದುಹಾಕಿದ ಸಾಲುಗಳನ್ನು ಕಂಡ ನನಗೆ ಈ ಪ್ರಾಮಾಣಿಕತೆ ಪೂಜ್ಯವಾಗಿ ತೋರುತ್ತದೆ.

ಕಾಲ ಅವನಿಗೂ ಒಲಿಯಿತು. 1545ರಲ್ಲಿ ಹೊರಬಂದ ಆರ್ಸ್ ಮಾಗ್ನಾ ಬೀಜಗಣಿತದಲ್ಲಿ ಯುಗಪ್ರವರ್ತಕವಾದ ಗ್ರಂಥ. 1552ರಲ್ಲಿ ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್ನನ ಉಬ್ಬಸಕ್ಕೆ ಚಿಕಿತ್ಸೆ ಮಾಡಲು ಎಡಿನ್‌ಬರೋವರೆಗೆ ಹೋಗಿ, ಹಕ್ಕಿಯ ಗರಿಗಳ ಹಾಸಿಗೆಯನ್ನು ಬಿಡಿಸಿ, ಅವನನ್ನು ಗುಣಪಡಿಸಿ, ಹೊನ್ನು ಹೊತ್ತು ಮರಳಿದ.

ಆದರೆ 1560ರ ಏಪ್ರಿಲಿನಲ್ಲಿ ಬಾಳು ಬುಡಮೇಲಾಯಿತು. ಹಿರಿಯ ಮಗ ಜೊವಾನಿ ಬತಿಸ್ತ ತನ್ನ ಹೆಂಡತಿಗೆ ವಿಷವಿಕ್ಕಿದ ಅಪರಾಧಕ್ಕಾಗಿ ಶಿರಚ್ಛೇದಕ್ಕೆ ಗುರಿಯಾದ. ತಂದೆಯ ವಿದ್ಯೆ, ಹೆಸರು, ವಾದ ಯಾವುದೂ ಮಗನನ್ನು ಉಳಿಸಲಿಲ್ಲ. ಪಾವಿಯಾದಲ್ಲಿ ಇರಲಾರದೆ 1562ರಲ್ಲಿ ಬೊಲೋನ್ಯಾಕ್ಕೆ ಹೋದ. 1570ರಲ್ಲಿ ಧರ್ಮವಿಚಾರಣೆಯ ಅಧಿಕಾರಿಗಳು ಅವನನ್ನು ಸೆರೆಯಲ್ಲಿಟ್ಟರು, ಅಧ್ಯಾಪನವೂ ತಪ್ಪಿತು. ದಾಳದ ಒಂದು ಎಸೆತ ಇನ್ನೊಂದನ್ನು ಅರಿಯದು. ಅದಕ್ಕೆಂದೇ ಅಲ್ಲಿ ಗುಣಾಕಾರ ನಡೆಯುತ್ತದೆ. ಬಾಳಿನಲ್ಲಿ ಒಂದು ಆಪತ್ತು ಮತ್ತೊಂದಕ್ಕೆ ಬಾಗಿಲು ತೆರೆಯುತ್ತದೆ. ಅಲ್ಲಿ ಆ ಸುಲಭವಾದ ಗುಣಾಕಾರ ಸಲ್ಲದು.

1571ರಲ್ಲಿ ರೋಮಿಗೆ ಬಂದ ವೃದ್ಧನಿಗೆ ಪೋಪರಿಂದ ವೇತನ ದೊರೆಯಿತು. ಅಲ್ಲಿಯೇ ಆತ್ಮಚರಿತ್ರೆಯನ್ನು ಬರೆದು 1576ರ ಸೆಪ್ಟೆಂಬರಿನಲ್ಲಿ ಕಣ್ಣುಮುಚ್ಚಿದ. ತಾನು ನುಡಿದ ಮರಣದಿನವನ್ನು ನಿಜಗೊಳಿಸಲು ಉಪವಾಸವಿದ್ದು ಸತ್ತನೆಂಬುದು ದಂತಕಥೆ. ನಾನು ಅದನ್ನು ನಂಬಲಾರೆ. ದಾಳದ ಗ್ರಂಥ ಅಚ್ಚಾದುದು 1663ರಲ್ಲಿ. ಅಷ್ಟರೊಳಗೆ, 1654ರಲ್ಲಿ, ಪಾಸ್ಕಲ್ ಮತ್ತು ಫರ್ಮಾ ತಮ್ಮ ಪತ್ರಗಳಲ್ಲಿ ಸಂಭವನೀಯತೆಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದ್ದರು. ಮೊದಲು ನಡೆದವನ ಹೆಜ್ಜೆ ಹಿಂದೆ ಬಿತ್ತು.

ಜೂಜಿನಲ್ಲಿ ಅತಿ ದೊಡ್ಡ ಲಾಭವೆಂದರೆ ಆಡದಿರುವುದೇ ಎಂಬ ಅಭಿಪ್ರಾಯವನ್ನೂ ಆತ ಆ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಇದು ಸೋತು ಕಲಿತವನ ಮಾತು. ಊಟದ ಪಟ್ಟಿ ಬರೆಯುವ ಕೆಲಸ ಈಗಲೂ ಆಗಾಗ ನನಗೆ ಬರುತ್ತದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಎರಡರಲ್ಲಿಯೂ ಇರುವ ಹೆಸರುಗಳನ್ನು ಮೊದಲು ಗುರುತಿಸುತ್ತೇನೆ. ಆಗೆಲ್ಲ ಆ ಇಟಲಿಯ ವೈದ್ಯನ ನೆನಪು ಬಾರದೆ ಇರುವುದಿಲ್ಲ.